ಡಾಕ್ಟರಬಾಯಿಗೆ ತುಂಬಿದ ಉಡಿ

ಕಾಂದಿವಲಿ
18 ಆಗಸ್ಟ್ 2024

ಸಪ್ನಕ್ಕ,

ಈಗಷ್ಟೇ ಫೋನಿನಲ್ಲಿ ಮಾತಾಡಿದೆವು, ಆದರೂ ಬರೆಯುತ್ತಿದ್ದೇನೆ. ನಿಮ್ಮತ್ತೆಗೆ ಕಿವಿ ಮಂದ ಎಂದು ನಿಮ್ಮನೆಯ ಫೋನು ಸದಾ ಸ್ಪೀಕರಿನಲ್ಲೇ ಇರುತ್ತದೆ. ನಾನು ಒಂದು ಕೇಳಿದರೆ ನೀನು ತೊಗರಿ ಬೆಳೆಯ ಸುದ್ದಿ ಹೇಳುತ್ತೀ. ಕಾಗದವನ್ನು ಸ್ಪೀಕರಿಗೆ ಹಾಕಲು ಬರುವುದಿಲ್ಲ. ಅಂಗನವಾಡಿ ಟೀಚರ ವಿಳಾಸಕ್ಕೆ ಕಳಿಸುತ್ತಿದ್ದೇನೆ, ಅಲ್ಲೇ ಕುಳಿತು ಓದು.

ನೇರವಾಗಿ ಕೇಳುತ್ತೇನೆ. ನಿಶಾ ಹುಟ್ಟಿ ಒಂದೂವರೆ ವರ್ಷವಾಯಿತು. ನಿನಗೆ ಇನ್ನೂ ತಡೆದುಕೊಳ್ಳಲು ಆಗುವುದಿಲ್ಲ, ಅಲ್ಲವೇ? ಯುಗಾದಿಗೆ ಬಂದಾಗ ಸಮುದ್ರ ನೋಡಲು ಹೋಗೋಣ ಎಂದು ನಿನ್ನನ್ನು ಎಷ್ಟು ಕಾಡಿದೆ. ಲೋಕಲಿನಲ್ಲಿ ಗದ್ದಲ ಎಂದೆ. ಮಧ್ಯಾಹ್ನದ ಲೋಕಲ್ ಖಾಲಿ ಇರುತ್ತದೆ ಎಂದಾಗ ತಲೆನೋವು ಎಂದೆ. ಚಾಳಿನವರೆಲ್ಲ ನೀರು ತುಂಬಿಕೊಂಡು ಹೋದ ಮೇಲೆ ನೀನು ನಲ್ಲಿಯಡಿ ಒಗೆಯುತ್ತಿದ್ದ ಅರಿವೆಗಳನ್ನು ನಾನು ನೋಡಿದ್ದೇನೆ. ಅವು ನಿಶಾಳವಲ್ಲ.

ಇದನ್ನು ನೀನು ಹಣೆಬರಹ ಎಂದು ಇಟ್ಟುಕೊಂಡಿದ್ದೀ. ನಾನು ಹಾಗೆ ಇಟ್ಟುಕೊಳ್ಳುವವಳಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನಮ್ಮ ತವರೆಂದರೆ ಕಾಂದಿವಲಿಯ ಈ ಒಂದು ಕೋಣೆ. ಅದಕ್ಕೇ ಅಜ್ಜಿಯ ಹತ್ತಿರ ಬೆಳೆದು ಜೇವರ್ಗಿಯಲ್ಲೇ ಮದುವೆಯಾದ ನೀನು ತುಂಬಿದ ಬಸುರಿ ರೈಲು ಹತ್ತಿ ಇಲ್ಲಿಗೆ ಬಂದೆ. ಮೊದಲ ಮೊಮ್ಮಗು ಎಂದು ಅಪ್ಪ ಮುನ್ಸಿಪಾಲ್ಟಿ ಆಸ್ಪತ್ರೆ ಬಿಟ್ಟು ಖಾಸಗಿ ಹೆರಿಗೆ ಆಸ್ಪತ್ರೆಗೆ ಸೇರಿಸಿದ. ಡಾಕ್ಟರಬಾಯಿ ಇಕ್ಕಳ ಹಾಕಿ ಮಗುವನ್ನು ಎಳೆದಳು. ನೀನು ಹರಿದೆ. ಹೊಲಿಗೆ ಹಾಕಿ, ಎಲ್ಲ ಚೆನ್ನಾಗಿದೆ ಎಂದು ಮನೆಗೆ ಕಳಿಸಿದರು. ಹಿಡಿತವಿಲ್ಲ ಎಂದು ನೀನು ಮತ್ತೆ ಮತ್ತೆ ಹೋದಾಗ ಒಂದು ಸಲವೂ ಮಲಗಿಸಿ ನೋಡಲಿಲ್ಲ. "ಎಲ್ಲಾ ಬಾಣಂತಿಯರಿಗೂ ಹೀಗೇ" ಎಂದರು. ಕೊನೆಕೊನೆಗೆ ಕೌಂಟರಿನಿಂದಲೇ ತಿರುಗಿಸಿ ಕಳಿಸಿದರು. ಇದಕ್ಕೆ ಒಂದು ಹೆಸರಿದೆ, ನಿರ್ಲಕ್ಷ್ಯ.

ನಿನ್ನೆ ಸ್ಟೇಷನ್ನಿನ ಸೇತುವೆಯ ಮೇಲೆ ಮಹಿಳಾ ಸಂಘದವರು ಕರಪತ್ರ ಹಂಚುತ್ತಿದ್ದರು. ನನ್ನ ಚಟ ನಿನಗೆ ಗೊತ್ತು. ಪ್ಯಾಕಿಂಗ್ ಕೆಲಸ ಮುಗಿಸಿ ಬರುವಾಗ ಯಾರು ಏನು ಹಂಚಿದರೂ ಓದುತ್ತೇನೆ. "ಈಕಿ ಮದವಿಗಿ ಭಾಂಡೆ ಕೊಡಬ್ಯಾಡ್ರಿ, ಪಾಂಪ್ಲೆಟ್ ಕೊಡ್ರಿ" ಎಂದು ಅಪ್ಪ ಚಾಳಿಗೆಲ್ಲ ಹೇಳಿಕೊಂಡು ಬಂದಿದ್ದಾನೆ. ಈ ಕರಪತ್ರದಲ್ಲಿ ಹೀಗಿದೆ: ದುಡ್ಡು ಕೊಟ್ಟು ಚಿಕಿತ್ಸೆ ಪಡೆದವರು ಗ್ರಾಹಕರು, ಚಿಕಿತ್ಸೆಯಲ್ಲಿ ನಿರ್ಲಕ್ಷ್ಯವಾದರೆ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ಅಂದರೆ ನಮಗೆ ಬರುವ ಫೆಬ್ರವರಿವರೆಗೆ ಕಾಲವಿದೆ.

ನೀನು ಹೂಂ ಅನ್ನು. ಉಳಿದದ್ದು ನನಗೆ ಬಿಡು.

ನಿನ್ನ ತಂಗಿ
ಶಿವಕುಮಾರಿ


ಜೇವರ್ಗಿ
2 ಸೆಪ್ಟೆಂಬರ್ 2024

ಶಿವೂ,

ಟೀಚರು ಕಾಗದ ಕೊಟ್ಟು ತಾವೇ ಹೊರಗೆ ಹೋಗಿ ನಿಂತರು. ಒಳ್ಳೆಯವರು.

ನಿಶಾಗೆ ಮುಂದಿನ ಹಲ್ಲು ನಾಲ್ಕೂ ಬಂದಿವೆ. "ಗಿಣ್ಣಿ" ಅನ್ನುತ್ತಾಳೆ, ಅಂದರೆ ಅವರಪ್ಪನ ಹಿಟ್ಟಿನ ಗಿರಣಿ. ಗಿರಣಿ ಶುರುವಾದ ಸಪ್ಪಳಕ್ಕೆ ಕುಣಿಯುತ್ತಾಳೆ.

ಅದರ ಬಗ್ಗೆ ಇನ್ನು ಬರೆಯಬೇಡ. ಈಗ ಮನೆಯವರಿಗಷ್ಟೇ ಗೊತ್ತಿದೆ. ಕೋರ್ಟಿಗೆ ಹೋದರೆ ಊರಿಗೆ ಗೊತ್ತಾಗುತ್ತದೆ. ಗಿರಣಿಗೆ ಜೋಳ ತರುವ ಹೆಂಗಸರ ಬಾಯಿ ನಿನಗೆ ಗೊತ್ತಿಲ್ಲ. ನೀನು ಬರೆದದ್ದೆಲ್ಲ ಖರೆ. ಖರೆ ಇದ್ದದ್ದನ್ನೆಲ್ಲ ಹೇಳಿಕೊಂಡು ತಿರುಗಲಿಕ್ಕೆ ಆಗುತ್ತದೆಯೇ?

ನಿನ್ನ ಕಾಗದ ಹರಿದು ಒಲೆಗೆ ಹಾಕಿದೆ. ಸಿಟ್ಟಾಗಬೇಡ.

ಸಪ್ನಾ


ಕಾಂದಿವಲಿ
15 ಸೆಪ್ಟೆಂಬರ್ 2024

ಅಕ್ಕ,

ಸಿಟ್ಟಾಗಿದ್ದೇನೆ. ಒಲೆಗೆ ಹಾಕಿದರೆ ಮತ್ತೆ ಬರೆಯುತ್ತೇನೆ. ನಿನ್ನ ಒಲೆಗಿಂತ ನನ್ನ ಪೆನ್ನು ದೊಡ್ಡದು.

ರವಿವಾರ ಮುಲುಂಡಿಗೆ ಹೋಗಿದ್ದೆ. ಕರಪತ್ರದಲ್ಲಿ ಅನುರಾಧಾ ಎಂಬ ವಕೀಲರ ಹೆಸರಿತ್ತು. ಧಾರವಾಡದ ಕಡೆಯವರು, ಸೊಸೈಟಿಯ ಮನೆಯ ಮುಂದಿನ ಕೋಣೆಯೇ ಆಫೀಸು. ನಾನು ದಾದರಿನಿಂದ ಮುಲುಂಡಿನವರೆಗೆ ನಿಂತುಕೊಂಡೇ ಮಾತು ಜೋಡಿಸಿಕೊಂಡು ಹೋಗಿದ್ದೆ: ಬಡವರ ಮೈಯ ಮೇಲೆ ನಡೆಯುವ ಅನ್ಯಾಯ, ಖಾಸಗಿ ಆಸ್ಪತ್ರೆಗಳ ದರ್ಪ, ಹೆಣ್ಣಿನ ನೋವಿಗೆ ಬೆಲೆಯಿಲ್ಲದ ವ್ಯವಸ್ಥೆ. ಅವರು ಪೂರ್ತಿ ಕೇಳಿದರು. ಕೇಳಿ, "ಚಾ ಕುಡೀತೀಯೇನು?" ಎಂದರು. ಆಮೇಲೆ, "ಶಿವಕುಮಾರಿ, ಕೇಸ್ ಯಾರದು?" ಎಂದು ಕೇಳಿದರು.

"ನಮ್ಮಕ್ಕನದು."

"ಹಂಗಾದ್ರ ಆಕಿ ಎಲ್ಲಿ? ನೀ ಆಕಿ ಪರವಾಗಿ ಸಿಟ್ಟಿಗೇಳಬಹುದು, ಸಹಿ ಮಾಡಲಿಕ್ಕೆ ಬರೂದಿಲ್ಲ."

ಆ ಪ್ರಶ್ನೆಯ ಉತ್ತರ ಜೇವರ್ಗಿಯಲ್ಲಿದೆ, ತೊಗರಿಯ ಸುದ್ದಿ ಹೇಳುತ್ತದೆ.

ಒಂದು ಮಾತು ಅವರು ಹೇಳಿದ್ದನ್ನು ಬರೆಯುತ್ತೇನೆ. ಮೊದಲು ಸರ್ಕಾರಿ ಆಸ್ಪತ್ರೆಯ ತಜ್ಞರಿಗೆ ತೋರಿಸಬೇಕಂತೆ. ಕೇಸು ಹಾಕಿದರೂ ಹಾಕದಿದ್ದರೂ ತೋರಿಸಬೇಕಂತೆ. ಇದನ್ನು ಸರಿಮಾಡುವ ಆಪರೇಷನ್ ಇದೆಯಂತೆ, ಅಕ್ಕ. ಇದೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಅವ್ವ, ನಿನ್ನ ಹೆಸರು ತೆಗೆದರೆ ಸೊಪ್ಪು ಸೋಸಲು ಕೂಡುತ್ತಾಳೆ, ಸೊಪ್ಪು ಇಲ್ಲದಿದ್ದರೂ. ಅಪ್ಪ ಮಾತ್ರ, "ನಾ ಸೆಂಟ್ರಿಂಗ್ ಮಾಡಿದ ಬಿಲ್ಡಿಂಗ್ ಸೋರಿದ್ರ ಬಿಲ್ಡರ್ ನನ್ನ ಕರಸ್ತಿದ್ದ. ಆ ಡಾಕ್ಟರಬಾಯಿನ್ನ ಯಾಕ ಕರಸಬಾರ್ದು?" ಎಂದ. ನಮ್ಮಪ್ಪ ಯಾವ ಕರಪತ್ರವನ್ನೂ ಓದಿದವನಲ್ಲ.

ಬಾ ಅಕ್ಕ.

ಶಿವಕುಮಾರಿ


ಜೇವರ್ಗಿ
9 ಅಕ್ಟೋಬರ್ 2024

ಶಿವೂ,

ನಮ್ಮ ಓಣಿಯ ಸಂಗಪ್ಪನ ಮನೆಯಲ್ಲಿ ಮೊಮ್ಮಗನ ತೊಟ್ಟಿಲು ಇತ್ತು. ಬೆಳಿಗ್ಗೆಯಿಂದ ಏನೂ ತಿನ್ನದೆ ಹೋದೆ. ಹೊರಗೆ ಹೋಗುವ ದಿನ ನಾನು ತಿನ್ನುವುದಿಲ್ಲ, ಇದು ನಿನಗೆ ಗೊತ್ತಿರಲಿಲ್ಲ. ಜಮಖಾನೆಯ ಮೇಲೆ ಹೆಂಗಸರೆಲ್ಲ ಕುಳಿತಿದ್ದೆವು, ಜೋಗುಳ ನಡೆದಿತ್ತು. ನಾನೂ ಹಾಡುತ್ತಿದ್ದೆ. ನನ್ನ ದನಿ ಚೆನ್ನಾಗಿದೆ ಎಂದು ನನ್ನನ್ನೇ ಮುಂದೆ ಕೂಡಿಸಿದ್ದರು.

ಹಾಡು ಮುಗಿದು ಎದ್ದೆ. ಸಂಗಪ್ಪನ ಹೆಂಡತಿ ಬಂದು ನಾನು ಕುಳಿತಿದ್ದ ಜಮಖಾನೆಯನ್ನು ಮಡಚಿ ಒಳಗೆ ಒಯ್ದಳು. ಆಮೇಲೆ ಹಿತ್ತಲಲ್ಲಿ ನೀರು ಹೊಯ್ಯುವ ಸಪ್ಪಳ ಕೇಳಿತು. ಯಾರೂ ಏನೂ ಅನ್ನಲಿಲ್ಲ. ಎಲ್ಲರೂ ತೊಟ್ಟಿಲು ನೋಡುತ್ತಿದ್ದರು. ಏನಾದರೂ ಅಂದಿದ್ದರೆ ಆಗುತ್ತಿತ್ತು.

ಊರಿಗೆ ಗೊತ್ತಾಗಬಾರದು ಎಂದು ಬರೆದಿದ್ದೆ. ಊರಿಗೆ ಗೊತ್ತಿದೆ. ನಾನೊಬ್ಬಳೇ ಗೊತ್ತಿಲ್ಲದವಳ ಹಾಗೆ ತಿರುಗುತ್ತಿದ್ದೆ.

ದಸರೆ ಮುಗಿಸಿ ಬರುತ್ತೇನೆ. ತೋರಿಸುತ್ತೇನೆ, ಸಹಿಯನ್ನೂ ಮಾಡುತ್ತೇನೆ. ಇವರಿಗೆ ಅವ್ವನ ಮೊಣಕಾಲು ನೋವು ಎಂದು ಹೇಳಿದ್ದೇನೆ. ಅವ್ವನಿಗೆ ತಿಳಿಸು, ಫೋನಿನಲ್ಲಿ ನೆನಪಿಟ್ಟು ನರಳಬೇಕು. ಆಕೆಗೆ ಸುಳ್ಳು ನರಳಲು ಬರುವುದಿಲ್ಲ, ಸ್ವಲ್ಪ ಕಲಿಸು.

ಸಪ್ನಾ


ಜೇವರ್ಗಿ
20 ಜನವರಿ 2025

ಶಿವಕುಮಾರಿಗೆ ಶರಣಬಸಪ್ಪ ತಿಳಿಸುವುದು,

ನನಗೆ ಕಾಗದ ಬರೆದು ರೂಢಿಯಿಲ್ಲ. ಫೋನಿನಲ್ಲಿ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ, ಅದಕ್ಕೆ ಬರೆದಿದ್ದೇನೆ.

ಕೇಸು ಹಾಕಿದ್ದು ಸಪ್ನಾ ತಾನೇ ಹೇಳಿದಳು. ಮೊಣಕಾಲಿನ ಮಾತು ಸುಳ್ಳು ಎಂದೂ ಹೇಳಿದಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ನೋಡಿ, "ಹರಿಯುವುದು ಯಾರಿಗಾದರೂ ಆಗಬಹುದು, ಎಷ್ಟು ಹರಿದಿದೆ ಎಂದು ನೋಡದೇ ಹೊಲಿದದ್ದು, ಆಮೇಲೆ ಹೇಳಿಕೊಂಡು ಬಂದಾಗಲೂ ನೋಡದೇ ಇದ್ದದ್ದು ತಪ್ಪು" ಎಂದರಂತೆ. ಕೇಳಿ ನನಗೂ ಸಂಕಟವಾಯಿತು. ನಾನು ಕಲ್ಲಲ್ಲ.

ಆಪರೇಷನ್ ನಾನು ಮಾಡಿಸುತ್ತೇನೆ. ಕೇಸು ಹಿಂದಕ್ಕೆ ತೆಗೆದುಕೊಳ್ಳಿರಿ. ಹೆಣ್ಣುಮಗಳ ಮೈಯ ಮಾತನ್ನು ಹತ್ತು ಮಂದಿ ಗಂಡಸರ ಮುಂದೆ ಓದುತ್ತಾರೆ. ನಾನು ದಿನಾ ಜನರಿಗೆ ಮುಖ ಕೊಟ್ಟು ಹಿಟ್ಟು ಬೀಸಬೇಕು. ನೀನು ಮುಂಬೈಯಲ್ಲಿರುವವಳು, ನಿನಗೆ ತಿಳಿಯುವುದಿಲ್ಲ.

ನಮಸ್ಕಾರ
ಶರಣಬಸಪ್ಪ


ಕಾಂದಿವಲಿ
27 ಏಪ್ರಿಲ್ 2025

ಸಪ್ನಕ್ಕ,

ಭಾವನ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಮೂರು ಸಲ ಬರೆದು ಹರಿದೆ. ಹಿಂದಕ್ಕೆ ತೆಗೆದುಕೊಳ್ಳುವುದೋ ಬಿಡುವುದೋ ನೀನು ಹೇಳಬೇಕು ಎಂದು ಅನುರಾಧಾ ವಕೀಲರು ನನ್ನ ಕೈ ಕಟ್ಟಿದರು. ನೀನು ಅವರಿಗೆ ಫೋನ್ ಮಾಡಿ "ನಡೀಲಿ" ಎಂದೆಯಂತೆ. ಒಂದೇ ಮಾತು, ಅದೂ ಸ್ಪೀಕರಿನಲ್ಲಿ. ಆ ದಿನ ಕಾರ್ಖಾನೆಯಲ್ಲಿ ನಾನು ಡಬ್ಬಿಗಳಿಗೆ ಟೇಪು ಹಚ್ಚುತ್ತ ಒಬ್ಬಳೇ ನಗುತ್ತಿದ್ದೆ.

ಈಗ ಕೆಟ್ಟ ಸುದ್ದಿ. ಆಸ್ಪತ್ರೆಯವರು ಆಯೋಗಕ್ಕೆ ಉತ್ತರ ಕೊಟ್ಟಿದ್ದಾರೆ. ಜೊತೆಗೆ ಒಂದು ವಿಡಿಯೋ. ನಿನ್ನನ್ನು ಮನೆಗೆ ಕಳಿಸಿದ ದಿನ ಅವ್ವ ಡಾಕ್ಟರಬಾಯಿಗೆ ಉಡಿ ತುಂಬಿದ್ದಳಲ್ಲ, ಅದನ್ನು ಅಲ್ಲಿಯ ನರ್ಸ್ ಮೊಬೈಲಿನಲ್ಲಿ ಹಿಡಿದು ಆಸ್ಪತ್ರೆಯ ಪೇಜಿಗೆ ಹಾಕಿದ್ದಳಂತೆ. ವಕೀಲರ ಮನೆಯಲ್ಲಿ ಕುಳಿತು ನೋಡಿದೆವು. ಡಾಕ್ಟರಬಾಯಿ ಬಿಳಿ ಕೋಟಿನ ಮೇಲೆ ದುಪಟ್ಟಾ ಚಾಚಿ ನಿಂತಿದ್ದಾಳೆ. ಅವ್ವ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಕಣದ ಬಟ್ಟೆ ಹಾಕುತ್ತಾಳೆ, ಕುಂಕುಮ ಹಚ್ಚುತ್ತಾಳೆ, ಬಗ್ಗಿ ಕಾಲು ಮುಟ್ಟುತ್ತಾಳೆ. ಪಕ್ಕದಲ್ಲಿ ನೀನು ನಿಶಾಳನ್ನು ಎತ್ತಿಕೊಂಡು ನಗುತ್ತಿದ್ದೀ. "ರೋಗಿಯ ಕುಟುಂಬ ಸಂಪೂರ್ಣ ತೃಪ್ತಿಯಿಂದ ವೈದ್ಯರನ್ನು ದೇವರಂತೆ ಪೂಜಿಸಿ ಹೋಗಿದೆ, ಈಗ ಹಣದ ಆಸೆಗೆ ದೂರು ಕೊಟ್ಟಿದೆ" ಎಂದು ಬರೆದಿದ್ದಾರೆ.

ಮೈಯೆಲ್ಲ ಉರಿಯಿತು. ನಮ್ಮನ್ನು ಹರಿದವರ ಕಾಲನ್ನೇ ನಾವು ಮುಟ್ಟಬೇಕೆ? ಈ ಗುಲಾಮಗಿರಿಯನ್ನೇ ಅವರು ಸಾಕ್ಷಿ ಮಾಡಿಕೊಂಡಿದ್ದಾರೆ.

ದಾರಿ ನಾನೇ ಹುಡುಕಿದೆ. ಅವ್ವನ ಹೇಳಿಕೆ ಕೊಡಬೇಕು. "ಬಿಡುಗಡೆ ಮಾಡುವ ಮುಂಚೆ ಸನ್ಮಾನ ಮಾಡಿ ಎಂದು ಆಸ್ಪತ್ರೆಯ ಸಿಬ್ಬಂದಿ ನಮ್ಮನ್ನು ಒತ್ತಾಯಿಸಿದರು" ಎಂದು ಬರೆದು ಅವ್ವನ ಮುಂದೆ ಓದಿದೆ.

"ಯಾರು ಒತ್ತಾಯ ಮಾಡ್ಯಾರ?" ಎಂದಳು ಅವ್ವ.

"ಅವರೇ, ಆಸ್ಪತ್ರಿಯವರು."

"ಯಾರೂ ಮಾಡಿಲ್ಲ. ಕುಬಸದ ಕಣ ನಾನೇ ಹೋಗಿ ತಂದೀನಿ. ಹಸರು ಬಣ್ಣ ಸಿಗಲಿಲ್ಲ ಅಂತ ಎರಡ ಅಂಗಡಿ ತಿರಗೀನಿ."

"ಯವ್ವಾ, ಅವರು ಸುಳ್ಳು ಹೇಳ್ತಾರ. ನಾವು ಒಂದು ಮಾತು ತಿರುವಿದ್ರ ಏನಾಗ್ತದ? ನ್ಯಾಯಕ್ಕಾಗಿ."

"ನಾ ಸಹಿ ಮಾಡಂಗಿಲ್ಲ."

"ಅಕ್ಕಗ ನ್ಯಾಯ ಬ್ಯಾಡೇನು?"

"ಸೋಮವ್ವ ಉಡಿ ತುಂಬಿ ಇಲ್ಲ ಅಂದಳು ಅನಸ್ಕೊಳ್ಳಲಾ ನಾ? ಹೋಗು, ಅನ್ನ ಹೊತ್ತಲಾಕತ್ತೈತಿ ನೋಡು."

ಅನ್ನ ಹೊತ್ತಿರಲಿಲ್ಲ. ಅಪ್ಪ ಮೂಲೆಯಲ್ಲಿ ವಾಚ್‌ಮನ್ ಟೊಪ್ಪಿಗೆ ಒರೆಸುತ್ತ ನಮ್ಮಿಬ್ಬರನ್ನೂ ನೋಡದೆ ಕುಳಿತಿದ್ದ. ನೀನು ಹೇಳಿದರೆ ಅವ್ವ ಕೇಳುತ್ತಾಳೆ. ಬೇಗ ಹೇಳು, ಹೇಳಿಕೆ ಕೊಡುವ ತಾರೀಖು ಹತ್ತಿರ ಬಂದಿದೆ.

ಶಿವಕುಮಾರಿ


ಜೇವರ್ಗಿ
6 ಮೇ 2025

ಶಿವೂ,

ಅವ್ವ ಸಹಿ ಮಾಡದೇ ಇದ್ದದ್ದು ಸರಿ. ನೀನು ಬರೆದದ್ದನ್ನು ಹರಿದು ಹಾಕು. ಈ ಸಲ ಒಲೆ ನಿನ್ನದು.

ಡಾಕ್ಟರಬಾಯಿಗೆ ಉಡಿ ತುಂಬು ಎಂದು ಅವ್ವನಿಗೆ ಹೇಳಿದವಳು ನಾನು. ನೀನು ಅದನ್ನು ಗುಲಾಮಗಿರಿ ಎಂದೆ. ನೀನು ಅಜ್ಜಿಯ ಹತ್ತಿರ ಬೆಳೆಯಲಿಲ್ಲ, ನಿನ್ನ ತಪ್ಪಲ್ಲ. ನಮ್ಮ ಓಣಿಗೆ ಇಂದ್ರಾಬಾಯಿ ಎಂಬ ಸೂಲಗಿತ್ತಿ ಇದ್ದಳು. ಆಕೆ ಹೆರಿಗೆ ಮಾಡಿಸಿ ಕೂಸು ಹಿಡಿದ ಮನೆಯವರೆಲ್ಲ ಆಕೆಗೆ ಉಡಿ ತುಂಬುತ್ತಿದ್ದರು. ತುಂಬಿಸಿಕೊಂಡ ಮೇಲೆ ಆಕೆ ಆ ಮನೆಯ ಮಗಳು. ಬಾಣಂತಿ ಎದ್ದು ನೀರು ಸೇದುವವರೆಗೆ ಆಕೆ ಬಂದು ನೋಡಬೇಕು; ಕರೆದಾಗ ಕೈ ಹಿಟ್ಟಿನಲ್ಲಿದ್ದರೆ ಹಿಟ್ಟಿನ ಕೈಯಲ್ಲೇ ಬರುತ್ತಿದ್ದಳು. ಒಮ್ಮೆ ಒಬ್ಬಳಿಗೆ ನಂಜಾಯಿತು. ಇದು ನನ್ನ ಕೈಲಿ ಆಗುವುದಲ್ಲ ಎಂದು ತಾನೇ ಟೆಂಪೋ ಹಿಡಿದು, ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಕಲಬುರಗಿಗೆ ಹೋದಳು. ಉಡಿಯಲ್ಲಿ ಅಕ್ಕಿ ಕೊಬ್ಬರಿ ಅಷ್ಟೇ ಇರುವುದಿಲ್ಲ.

ಡಾಕ್ಟರಬಾಯಿ ತಿಳಿಯದೇ ದುಪಟ್ಟಾ ಒಡ್ಡಿರಬಹುದು. ಆದರೆ ಒಡ್ಡಿದ್ದಾಳೆ. ನಾನು ಮತ್ತೆ ಮತ್ತೆ ಆಕೆಯ ಬಾಗಿಲಿಗೆ ಹೋದದ್ದು ನಿನ್ನ ಕರಪತ್ರದ ಗ್ರಾಹಕಳಾಗಿ ಅಲ್ಲ. ನಮ್ಮ ಉಡಿ ಹಿಡಿದವಳು ನನ್ನನ್ನು ನೋಡುತ್ತಾಳೆ ಎಂದು ಹೋದೆ.

ಆ ವಿಡಿಯೋ ನಮ್ಮದು. ಅವರು ಹಾಕಿದ್ದು ಒಳ್ಳೆಯದೇ ಆಯಿತು, ಎಲ್ಲರೂ ನೋಡಲಿ. ಇದನ್ನು ವಕೀಲರು ಇಂಗ್ಲಿಷಿನಲ್ಲಿ ಬರೆದರೆ ಏನಾಗುತ್ತದೋ ನನಗೆ ಗೊತ್ತಿಲ್ಲ. ನಾನೇ ಬಂದು ಹೇಳುತ್ತೇನೆ. ದೂರಿನಲ್ಲಿ ಹೆಸರು ಮುಚ್ಚಿಡಲು ಬರುತ್ತದೆ ಎಂದು ವಕೀಲರು ಹೇಳಿದ್ದರು. ಬೇಡ ಎಂದು ತಿಳಿಸು.

ಇವರು ಇನ್ನೂ ಮಾತಾಡುತ್ತಿಲ್ಲ. ನಿಶಾಳ ಮುಖಾಂತರ ಮಾತಾಡುತ್ತಾರೆ. "ನಿಮ್ಮವ್ವಗ ಉಪ್ಪು ಕಮ್ಮಿ ಆಗ್ಯಾದಂತ ಹೇಳು" ಅನ್ನುತ್ತಾರೆ. ಪಾಪ, ಆ ಕೂಸಿಗೆ ಉಪ್ಪು ಅನ್ನಲೂ ಬರುವುದಿಲ್ಲ.

ಸಪ್ನಾ


ಕಾಂದಿವಲಿ
23 ನವೆಂಬರ್ 2025

ಶರಣಬಸಪ್ಪ ಭಾವ ಅವರಿಗೆ,

ನೀವು ಬರಲಿಲ್ಲ. ಅಕ್ಕ ಎರಡು ದಿನ ಇಲ್ಲಿದ್ದು ನಿಮ್ಮೂರಿಗೆ ಹೊರಟಿದ್ದಾಳೆ. ಆಕೆ ಬಂದು ನಿಮಗೆ ಏನೂ ಹೇಳಲಾರಳು, ಹೇಳಿದರೂ "ಆಯ್ತು, ಹೋಗಿಬಂದೆ" ಅಂದಾಳು. ನಿಮ್ಮ ಹೆಂಡತಿ ಬಾಂದ್ರಾದ ಆಯೋಗದಲ್ಲಿ ಏನು ಮಾಡಿದಳೆಂದು ನಿಮಗೆ ತಿಳಿದಿರಬೇಕು, ಅದಕ್ಕೆ ಬರೆಯುತ್ತಿದ್ದೇನೆ. ಸಾವಕಾಶವಾಗಿ ಓದಿ.

ಆಯೋಗದ ಕೋಣೆ ದೊಡ್ಡದೇನಲ್ಲ. ಎತ್ತರದ ಮೇಜಿನ ಹಿಂದೆ ಇಬ್ಬರು ಕುಳಿತಿದ್ದರು, ಅಧ್ಯಕ್ಷರು ವಯಸ್ಸಾದ ಹೆಂಗಸು. ಬಿಲ್ಡರು, ಫ್ರಿಜ್ಜು, ವಿಮೆ ಎಂದು ಬಂದವರು ಬೆಂಚಿನ ತುಂಬ. ನೀವು ಹೇಳಿದಂತೆ ಗಂಡಸರೇ ಹೆಚ್ಚು. ಡಾಕ್ಟರಬಾಯಿಯೂ ಬಂದಿದ್ದಳು. ಅವ್ವ ಆಕೆಯನ್ನು ಕಂಡು ಅಭ್ಯಾಸಬಲದಿಂದ ಕೈ ಮುಗಿದಳು. ನಾನು ಕೈ ಹಿಡಿದು ಕೆಳಗಿಳಿಸಲು ಹೋದೆ, ಅವ್ವ ನನ್ನ ಕೈ ಕೊಡವಿದಳು.

ಆಸ್ಪತ್ರೆಯ ವಕೀಲರು ವಿಡಿಯೋ ತೋರಿಸಿದರು. ಕೋಣೆಯಲ್ಲಿ ಒಬ್ಬಿಬ್ಬರು ನಕ್ಕರು. "ದೇಖಿಯೇ ಮೇಡಂ, ಎಷ್ಟು ಖುಷಿಯಾಗಿದ್ದಾರೆ" ಎಂದು ಅವರು ಹಿಂದಿಯಲ್ಲಿ ಹೇಳಿದರು. ಅನುರಾಧಾ ವಕೀಲರು ಎದ್ದು, ದೂರುದಾರಳು ತಾನೇ ಮಾತಾಡಲು ಬಯಸುತ್ತಾಳೆ, ಕನ್ನಡದಲ್ಲಿ ಮಾತಾಡುತ್ತಾಳೆ, ಅನುಮತಿ ಬೇಕು ಎಂದರು. ಅಧ್ಯಕ್ಷರು, "ಹಿಂದಿ ಮಾಡಿ ಹೇಳುವವರು ಯಾರು?" ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಎದ್ದೆ.

ಅಕ್ಕ ಸೆರಗು ತಲೆಯ ಮೇಲೆ ಸರಿಮಾಡಿಕೊಂಡಳು. ಮೊದಲು ತನ್ನ ಹೆಸರು ಹೇಳಿದಳು, ಆಮೇಲೆ ನಿಮ್ಮ ಹೆಸರು, ಆಮೇಲೆ ಊರು. ಆಮೇಲೆ ಹೇಳಿದಳು:

"ಉಡಿ ತುಂಬಿದ್ದು ಖರೆ ಅದರಿ. ನಾ ನಕ್ಕಿದ್ದೂ ಖರೆ. ಹೆಣ್ಣ ಹಡದಿದ್ದೆ, ನಗಬಾರದೇನ್ರಿ?"

ನಾನು ಹಿಂದಿಯಲ್ಲಿ ಹೇಳಿದೆ. ಯಾರೂ ನಗಲಿಲ್ಲ.

ಸೂಲಗಿತ್ತಿಯ ಮಾತು ಹೇಳಿದಳು. ಉಡಿ ಹಿಡಿದವಳು ಮನೆಮಗಳು ಎಂದು ಹೇಳಿದಳು. ಅಧ್ಯಕ್ಷರು ಬರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಆಮೇಲೆ ಅಕ್ಕ ಡಾಕ್ಟರಬಾಯಿಯ ಕಡೆ ತಿರುಗಿದಳು. "ನಿಮ್ಮ ಬಾಗಲಿಗಿ ಬಂದೀನ್ರಿ. ಎದ್ದರೂ ಹೇಲು ಸೋರ್ತದ, ಕುಂತರೂ ಸೋರ್ತದ, ಕೂಸಿಗಿ ಹಾಲ ಕುಡಸಬೇಕಾದ್ರೂ ಸೋರ್ತದ ಅಂದೀನಿ. ನೀವು ಒಮ್ಮಿ ಲೈಟ್ ಹಾಕಿ ನೋಡಿದ್ರ ಆಗ್ತಿತ್ತು."

ಭಾವ, ನಾನು ಬೀದಿಯಲ್ಲಿ ಘೋಷಣೆ ಕೂಗಿದವಳು. ಯಾರ ಮುಂದೆ ಯಾವ ಮಾತು ಬೇಕಾದರೂ ಆಡಬಲ್ಲೆ ಎಂದುಕೊಂಡಿದ್ದವಳು. ಅಷ್ಟು ಗಂಡಸರ ನಡುವೆ ನನ್ನ ನಾಲಿಗೆ ಹಿಂದೆ ಸರಿಯಿತು. "ಇವರಿಗೆ ಬಹಳ ತಕಲೀಫ್ ಆಗುತ್ತಿತ್ತು ಎಂದು ಹೇಳುತ್ತಾರೆ" ಅಂದುಬಿಟ್ಟೆ.

ತೊಂದರೆಗೆ ತಕಲೀಫ್ ಅಂದರೆ ಕಲಬುರಗಿ ಸೀಮೆಯವರಿಗೆ ಗೊತ್ತಾಗುವುದಿಲ್ಲವೇ? ಅಕ್ಕ ನನ್ನ ಕಡೆ ನೋಡಿದಳು.

"ತಕಲೀಫ್ ಅಂತ ನಾ ಅಂದಿಲ್ಲ ಶಿವೂ. ನಾ ಅಂದಂಗ ಹೇಳು."

"ಅಕ್ಕಾ..."

"ಎರಡೂವರಿ ವರ್ಷ ಎಲ್ಲಾರೂ ತಕಲೀಫ್ ಅಂದಾರ. ಅದಕ್ಕೇ ಯಾರಿಗೂ ತಿಳದಿಲ್ಲ. ಹೇಳು."

ನಾನು ಹೇಳಿದೆ. ಆ ಶಬ್ದವನ್ನೇ ಹಿಂದಿಯಲ್ಲಿ ಹೇಳಿದೆ. ಫ್ರಿಜ್ಜಿನ ಕೇಸಿಗೆ ಬಂದಿದ್ದ ಮುದುಕರೊಬ್ಬರು ತಮ್ಮ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಡಾಕ್ಟರಬಾಯಿ ಕೈಯಲ್ಲಿದ್ದ ಫೋನಿನ ಪರದೆಯನ್ನೇ ನೋಡುತ್ತಿದ್ದಳು, ಪರದೆ ಕಪ್ಪಾಗಿತ್ತು. ಅಧ್ಯಕ್ಷರು ಆಕೆಯನ್ನು ಒಂದೇ ಪ್ರಶ್ನೆ ಕೇಳಿದರು: ಇವರು ಮತ್ತೆ ಬಂದಾಗ ನೀವು ಪರೀಕ್ಷೆ ಮಾಡಿದಿರಾ? ಆಕೆಯ ವಕೀಲರು ಉತ್ತರ ಕೊಡಲು ಎದ್ದರು. "ನಾನು ಡಾಕ್ಟರರನ್ನು ಕೇಳಿದೆ" ಎಂದರು ಅಧ್ಯಕ್ಷರು. ವಕೀಲರು ಕುಳಿತುಕೊಂಡರು. ಆಮೇಲೆ ಡಾಕ್ಟರಬಾಯಿ ಇಲ್ಲ ಎಂದು ತಲೆಯಾಡಿಸಿದಳು.

ಹೊರಗೆ ಬಂದ ಮೇಲೆ ಅಕ್ಕನನ್ನು ಅವ್ವ ಗೋಡೆಯ ಹತ್ತಿರ ನಿಲ್ಲಿಸಿ ಬೆನ್ನು ಸವರಿದಳು. ಅಪ್ಪ ವಡಾ ಪಾವ್ ತಂದ. ಅಕ್ಕ ತಿಂದಳು, ಭಾವ. ರಸ್ತೆಯಲ್ಲಿ ನಿಂತು, ಲೋಕಲ್ ಹತ್ತುವುದಿದೆ ಎಂದು ಗೊತ್ತಿದ್ದೂ, ಎರಡು ತಿಂದಳು.

ಆದೇಶ ಬರಲು ಕಾಲವಿದೆ. ಗೆಲ್ಲುತ್ತೇವೋ ಇಲ್ಲವೋ ಗೊತ್ತಿಲ್ಲ. ನೀವು ಗಿರಣಿಯಲ್ಲಿ ಜನರಿಗೆ ಮುಖ ಕೊಡಬೇಕು ಎಂದು ಬರೆದಿದ್ದಿರಿ. ಇನ್ನು ಮೇಲೆ ತಲೆ ಎತ್ತಿ ಮುಖ ಕೊಡಿ. ಸಪ್ನಾಳ ಗಂಡ ಎಂದು ಕೊಡಿ.

ನಿಮ್ಮ ನಾದಿನಿ
ಶಿವಕುಮಾರಿ


ಜೇವರ್ಗಿ
12 ಮಾರ್ಚ್ 2026

ಶಿವೂ,

ಸುಖವಾಗಿ ಮುಟ್ಟಿದೆವು. ನಿಶಾ ಅತ್ತೆಯ ಹತ್ತಿರ ಅಳದೇ ಇದ್ದಳಂತೆ, ನಮ್ಮನ್ನು ನೋಡಿದ ಮೇಲೆ ಅತ್ತಳು.

ಆದೇಶದ ದಿನ ಓದುವಾಗ ನನಗೆ ಇಂಗ್ಲಿಷ್ ತಿಳಿಯಲಿಲ್ಲ, ನಿನ್ನ ಮುಖ ನೋಡಿ ತಿಳಿಯಿತು. ಹೆರಿಗೆಯ ಹೊತ್ತಿನ ಗಾಯವನ್ನು ನೋಡದೇ ಬಿಟ್ಟದ್ದು, ಮತ್ತೆ ಬಂದವಳನ್ನು ನೋಡದೇ ಕಳಿಸಿದ್ದು ನಿರ್ಲಕ್ಷ್ಯ ಎಂದು ಬರೆದಿದ್ದಾರೆ ಎಂದೆಯಲ್ಲ, ಆ ಸಾಲನ್ನು ಕನ್ನಡದಲ್ಲಿ ಬರೆದು ಕಳಿಸು. ಟೀಚರು ಕೇಳಿದ್ದಾರೆ. ಆಸ್ಪತ್ರೆಯವರು ಮೇಲಿನ ಆಯೋಗಕ್ಕೆ ಹೋಗುತ್ತಾರೆ ಎಂದು ವಕೀಲರು ಹೇಳಿದರು. ಹೋಗಲಿ. ಕರೆದರೆ ಅಲ್ಲಿಗೂ ಬರುತ್ತೇನೆ. ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊನೆಗೂ ಸರದಿ ಬಂದು ಮೇ ತಿಂಗಳು ಹೇಳಿದ್ದಾರೆ. ಹಿಡಿತ ಪೂರ್ತಿ ಬರಬಹುದು, ಸ್ವಲ್ಪ ಬರಬಹುದು ಎಂದರು. ನೋಡೋಣ.

ನೀನು ಇವರಿಗೆ ಬರೆದ ಕಾಗದದ ಬಗ್ಗೆ ಕೇಳಿದ್ದೆ. ಗಿರಣಿ ಬಂದ್ ಮಾಡಿ ಓದಿದರು. ಜೋಳ ತಂದ ಅಣವೀರಪ್ಪ ಹೊರಗೆ ಒದರುತ್ತಿದ್ದ. ಓದಿ, ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಆದೇಶದ ತಾರೀಖು ಬಂದಾಗ ಟಿಕೇಟು ಎರಡು ತೆಗೆಸಿದ್ದರು. ಅಷ್ಟೇ. ಬಾಂದ್ರಾದಲ್ಲಿ ನಿನ್ನ ಹತ್ತಿರ ಇವರು ಸರಿಯಾಗಿ ಮಾತಾಡಲಿಲ್ಲ ಎಂದು ನೀನು ಮುಖ ಊದಿಸಿದ್ದು ನೋಡಿದೆ. ಇವರಿಗೆ ನಿನ್ನ ಹೆದರಿಕೆ.

ಬರುವಾಗ ರೈಲಿನಲ್ಲಿ ಎದುರಿನ ಸೀಟಿಗೆ ಒಬ್ಬ ಹೆಣ್ಣುಮಗಳು, ನನಗಿಂತ ಹಿರಿಯಳು, ಗಾಣಗಾಪುರದ ಕಡೆಯವಳು. ದೌಂಡ ಸ್ಟೇಷನ್ ದಾಟಿದ ಮೇಲೆ ಮಾತಿಗೆ ಕುಳಿತಳು. "ಮುಂಬೈಕ ಎದಕ ಹೋಗಿದ್ರಿ ಅಣ್ಣಾ?" ಎಂದು ಇವರನ್ನು ಕೇಳಿದಳು. ನಾನು ಕಿಡಕಿಯ ಕಡೆ ತಿರುಗಿದೆ. ಹಿಂಗೇ ಬೀಗರ ಮನೆಗೆ ಎಂದು ಏನಾದರೂ ಅನ್ನುತ್ತಾರೆ ಎಂದುಕೊಂಡೆ.

"ನಮ್ಮ ಮನಿಯಾಕಿದು ಕೇಸ್ ಇತ್ತು. ಗೆದ್ದಾಳ" ಅಂದರು.

"ಹೌದಾ? ಎದರ ಕೇಸ್ರಿ?"

ಇವರು ನನ್ನ ಕಡೆ ನೋಡಿದರು. ಜಾಗ ಬಿಟ್ಟು ಆಚೆ ಸರಿದು ಕುಳಿತು, "ಆಕಿನ್ನೇ ಕೇಳವಾ. ಆಕಿ ಚಲೋ ಹೇಳ್ತಾಳ" ಅಂದರು.

ಸೊಲ್ಲಾಪುರ ಬರುವವರೆಗೂ ಹೇಳಿದೆ.

ನಿನ್ನ ಅಕ್ಕ
ಸಪ್ನಾ